‘ತಟ್ಟು’ ಅಂದರೆ ಟ್ಯಾಪೋ, ಪ್ಯಾಟೋ?

ಮಕ್ಕಳ ಇಂಗ್ಲಿಷ್ ಪ್ರಬಂಧ ತಿದ್ದುವಾಗ ಒಂದು ತಪ್ಪು ಪದೇ ಪದೇ ಸಿಗುತ್ತದೆ. ‘ಬಹುಮಾನ ಬಂತು, ಮೇಷ್ಟ್ರು ಬೆನ್ನು ತಟ್ಟಿದರು’ ಎನ್ನಲು ಹೋಗಿ ‘ಟ್ಯಾಪ್ಡ್’ ಎಂದು ಬರೆದಿರುತ್ತಾರೆ. ಇಂಗ್ಲಿಷ್ ಬಲ್ಲವರು ಅದನ್ನು ಓದಿದರೆ, ಮೇಷ್ಟ್ರು ಹಿಂದಿನಿಂದ ಬಂದು ಬೆರಳು ತಾಗಿಸಿ ಕರೆದರು ಅಂದುಕೊಳ್ಳುತ್ತಾರೆ. ಶಹಬ್ಬಾಸ್‌ಗಿರಿ ಮಾಯ!

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ನಾವು ಬೆನ್ನು, ಬಾಗಿಲು, ಚಪ್ಪಾಳೆ, ಬೆರಣಿ, ಅಕ್ಕಿ ರೊಟ್ಟಿ ಎಲ್ಲವನ್ನೂ ತಟ್ಟುವವರು. 1894ರ ಕಿಟ್ಟೆಲ್ ನಿಘಂಟಿನಲ್ಲೂ ‘ತಟ್ಟು’ ಪದಕ್ಕೆ ಟ್ಯಾಪ್, ಪ್ಯಾಟ್, ಸ್ಲ್ಯಾಪ್, ನಾಕ್ ಎಲ್ಲ ಅರ್ಥಗಳೂ ಇವೆ.

ಹಂತ 1: ಒಂದೇ ಪದದ ಅರ್ಥ ಕೊಡುವ ಪಾಕೆಟ್ ಡಿಕ್ಷನರಿ ಪಕ್ಕಕ್ಕಿಡಿ. ಟ್ಯಾಪ್, ಪ್ಯಾಟ್ ಎರಡಕ್ಕೂ ‘ಮೆಲ್ಲಗೆ ತಟ್ಟು’ ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಉದಾಹರಣೆ ವಾಕ್ಯ ಇರುವ ಡಿಕ್ಷನರಿಯನ್ನೇ ಕೊಳ್ಳಿ.

ಹಂತ 2: ಕೈ ನೋಡಿ. ಬೆರಳ ತುದಿ ಚಕ್ಕನೆ ತಾಗಿ ಹಿಂದೆ ಬಂದರೆ ಟ್ಯಾಪ್. ಅಂಗೈ ಅಗಲಿಸಿ ಮೆತ್ತಗೆ ಇಟ್ಟರೆ ಪ್ಯಾಟ್. ಮೊಬೈಲ್ ಪರದೆಗೆ ಟ್ಯಾಪ್, ನಾಯಿಯ ತಲೆಗೆ ಪ್ಯಾಟ್. ಅಕ್ಕಿ ರೊಟ್ಟಿಗೂ ಪ್ಯಾಟ್. ಬಾಗಿಲಿಗೆ ಗೆಣ್ಣಿನಿಂದ ಬಡಿದರೆ ಎರಡೂ ಅಲ್ಲ, ಅದು ನಾಕ್.

ಹಂತ 3: ಈಗ ಭುಜ. ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಭುಜಕ್ಕೆ ಟ್ಯಾಪ್ ಕೂಡ ಮಾಡಬಹುದು, ಪ್ಯಾಟ್ ಕೂಡ ಮಾಡಬಹುದು. ಬಸ್ಸಿನಲ್ಲಿ ಮುಂದೆ ನಿಂತವರಿಗೆ ‘ಸ್ವಲ್ಪ ಜಾಗ ಬಿಡಿ’ ಎನ್ನಲು ಮುಟ್ಟುತ್ತೀರಲ್ಲ, ಅದು ಟ್ಯಾಪ್. ಅವರು ತಿರುಗಿ ನೋಡಿದರೆ ಕೆಲಸ ಮುಗಿಯಿತು. ಇಂಟರ್‌ವ್ಯೂನಲ್ಲಿ ಸೋತು ಬಂದ ತಮ್ಮನ ಭುಜದ ಮೇಲೆ ಎರಡು ಸಲ ಕೈ ಇಟ್ಟು ತೆಗೆಯುತ್ತೀರಲ್ಲ, ಅದು ಪ್ಯಾಟ್. ಅಲ್ಲಿ ಅವನು ತಿರುಗಿ ನೋಡಬೇಕಿಲ್ಲ, ನೀವು ಜೊತೆಗಿದ್ದೀರಿ ಅಂತ ಗೊತ್ತಾದರೆ ಸಾಕು. ಹಾಗಾಗಿ ಬರೆಯುವ ಮುಂಚೆ ಕೇಳಿಕೊಳ್ಳಿ: ಕರೆಯಲು ಮುಟ್ಟಿದ್ದಾ, ಸಮಾಧಾನಕ್ಕಾ? ಮೆಚ್ಚುಗೆಯೂ ಸಮಾಧಾನದ ಕಡೆಗೇ ಸೇರುತ್ತದೆ.

ವಾಕ್ಯ ಕಟ್ಟುವಾಗ ಇಂಗ್ಲಿಷಿನಲ್ಲಿ ಮನುಷ್ಯ ಮೊದಲು, ಅಂಗ ಆಮೇಲೆ. ‘ಪ್ಯಾಟೆಡ್ ಮಿ ಆನ್ ದ ಬ್ಯಾಕ್’ ಎನ್ನುವುದೇ ರೂಢಿ. ನಮ್ಮ ‘ನನ್ನ ಬೆನ್ನು ತಟ್ಟಿದರು’ ಅನ್ನು ಹಾಗೇ ಎತ್ತಿ ಇಡಬೇಡಿ.

ಕ್ರೀಮಿನ ಡಬ್ಬಿ ಮೇಲಿನ ‘ಪ್ಯಾಟ್ ಡ್ರೈ’ ನೋಡಿದ್ದೀರಲ್ವಾ? ಟವೆಲ್ಲನ್ನು ಮುಖಕ್ಕೆ ಮೆತ್ತಗೆ ಒತ್ತಿ ನೀರು ತೆಗೆಯಿರಿ ಎಂದರ್ಥ. ಉಜ್ಜಬಾರದು. ಅನುವಾದದ ಆ್ಯಪ್ ‘ಒಣಗಿಸಿ’ ಎಂದಷ್ಟೇ ಹೇಳಿದರೆ ಮುಖ್ಯವಾದ ಮಾತೇ ಬಿಟ್ಟುಹೋದಂತೆ.

ಸುಳ್ಯ, ಪುತ್ತೂರು ಕಡೆಯ ರಬ್ಬರ್ ಟ್ಯಾಪಿಂಗ್, ಪೇಪರಿನಲ್ಲಿ ಬರುವ ಫೋನ್ ಟ್ಯಾಪಿಂಗ್ ಇವನ್ನು ಈ ಲೆಕ್ಕಕ್ಕೆ ತರಬೇಡಿ. ಅವು ನಲ್ಲಿ ಎಂಬ ಅರ್ಥದ ಟ್ಯಾಪ್‌ನಿಂದ ಬಂದವು. ತೊಗಟೆ ಕೊಯ್ದು ಹಾಲು ಇಳಿಸುವುದು, ತಂತಿಯಿಂದ ಮಾತು ಇಳಿಸಿಕೊಳ್ಳುವುದು. ತಟ್ಟುವ ಕೆಲಸವೇ ಇಲ್ಲ.

ಹಂತ 4: ಸ್ಪೆಲ್ಲಿಂಗ್. ಭೂತಕಾಲದಲ್ಲಿ ಟ್ಯಾಪ್‌ಗೆ ಎರಡು ‘ಪಿ’, ಪ್ಯಾಟ್‌ಗೆ ಎರಡು ‘ಟಿ’. ಒಂದು ‘ಪಿ’ ಬಿಟ್ಟರೆ ಅದು ‘ಟೇಪ್ಡ್’ ಆಗುತ್ತದೆ, ಅಂದರೆ ಟೇಪ್ ಅಂಟಿಸಿದರು ಎಂದು.