ಬಿಸ್ಕ್ವಿಕ್ ಡಬ್ಬ ಒಂದಿದ್ರೆ ಸಾಕು, ಮೊಟ್ಟೆ ಇಲ್ಲದ ಆಪಲ್ ಕಾಬ್ಲರ್

ಅಮೆರಿಕದ ಮಿಷಿಗನ್‌ನಲ್ಲಿ ಸೆಪ್ಟೆಂಬರ್ ಬಂತು ಅಂದ್ರೆ ನಮ್ಮನೇಲಿ ಆಪಲ್ ರಾಶಿ. ವೀಕೆಂಡ್ ಆಪಲ್ ಪಿಕಿಂಗ್ ಅಂತ ತೋಟಕ್ಕೆ ಹೋಗ್ತೀವಿ, ಮಕ್ಕಳು ಕಿತ್ತಿದ್ದೇ ಕಿತ್ತಿದ್ದು, ಅಲ್ಲಿ ಚೀಲ ಎಲ್ಲ ಪೆಕ್ ಲೆಕ್ಕದಲ್ಲಿ ಕೊಡ್ತಾರೆ, ಒಂದು ಪೆಕ್ ಅಂದ್ರೆ ಹೆಚ್ಚುಕಮ್ಮಿ 10 ಪೌಂಡ್, ಅಂದ್ರೆ ನಾಲ್ಕೂವರೆ ಕೆಜಿ ಹಣ್ಣು. ಎರಡು ದಿನ ಕಚ್ಚಿ ತಿಂತಾರೆ, ಮೂರನೇ ದಿನದಿಂದ ಯಾರೂ ಚೀಲದ ಕಡೆ ತಿರುಗಿ ನೋಡಲ್ಲ. ಆಗ ನಾನು ಮಾಡೋದು ಕಾಬ್ಲರ್.

ಇಲ್ಲಿನವರ ಆಪಲ್ ಪೈ ಗೊತ್ತಿರತ್ತೆ ಎಲ್ರಿಗೂ. ಅದಕ್ಕೆ ಹಿಟ್ಟು ಕಲಸಿ ಫ್ರಿಜ್ಜಲ್ಲಿಟ್ಟು ಲಟ್ಟಿಸಿ ತಟ್ಟೆಗೆ ಹರಿಯದ ಹಾಗೆ ಹೊಂದಿಸ್ಬೇಕು, ಒಂದು ಮಧ್ಯಾಹ್ನ ಪೂರ್ತಿ ಬೇಕು. ಕಾಬ್ಲರ್ ಹಾಗಲ್ಲ. ಹಣ್ಣು, ಅದರ ಜೊತೆ ಮೆತ್ತಗಿನ ಒಂದು ಹಿಟ್ಟು, ಎರಡೂ ಒಂದೇ ಪಾತ್ರೆಲಿ ಬೇಯತ್ತೆ ಅಷ್ಟೇ. ಅದರಲ್ಲೂ ಬಿಸ್ಕ್ವಿಕ್ ಥರದ ರೆಡಿ ಹಿಟ್ಟಿನ ಮಿಕ್ಸ್ ಇದ್ರೆ ನಮ್ಮ ಕೈಕೆಲಸ 20 ನಿಮಿಷ, ಮಿಕ್ಕಿದ್ದು ಓವನ್ ನೋಡ್ಕೊಳ್ಳತ್ತೆ.

ನನಗೆ ಇದು ಇಷ್ಟ ಆಗೋಕೆ ದೊಡ್ಡ ಕಾರಣ ಬೇರೆನೇ ಇದೆ, ಇದಕ್ಕೆ ಮೊಟ್ಟೆ ಬೇಡ. ಮೊಟ್ಟೆ ತೆಗೆದು ಅದರ ಬದಲು ಮೊಸರು, ಅಗಸೆಬೀಜ ಅಂತ ಏನೇನೋ ಹಾಕಿ ಸರಿದೂಗಿಸೋದಲ್ಲ, ಮೂಲದಲ್ಲೇ ಮೊಟ್ಟೆ ಇಲ್ಲ. ನಮ್ಮತ್ತೆ ಊರಿಂದ ಬಂದಾಗ ಬೇಕರಿಗೆ ಹೋದ್ರೆ ಪ್ರತಿಯೊಂದಕ್ಕೂ "ಇದರಲ್ಲಿ ಮೊಟ್ಟೆ ಇದ್ಯೇನಮ್ಮಾ" ಅಂತ ಕೇಳೋರು, ಇದೆ ಅತ್ತೆ ಅಂತ ಹೇಳಿ ಹೇಳಿ ನನಗೇ ಬೇಜಾರಾಗೋದು, ಅಷ್ಟು ದೂರದಿಂದ ಬಂದೋರು ಗಾಜಿನಾಚೆಯಿಂದ ನೋಡ್ಕೊಂಡು ವಾಪಸ್ ಬರ್ಬೇಕಲ್ಲ ಅಂತ. ಮನೇಲಿ ಕಾಬ್ಲರ್ ಮಾಡಿದ ದಿನ ಎರಡು ಸಲ ಹಾಕಿಸ್ಕೊಂಡ್ರು. ಆಮೇಲಿಂದ ನವರಾತ್ರಿಲಿ ಅರಿಶಿನ ಕುಂಕುಮಕ್ಕೆ ಬರೋರಿಗೂ ಒಂದು ದಿನ ಇದನ್ನೇ ಮಾಡ್ತೀನಿ, ಆಪಲ್ ಕಾಲಾನೂ ಅದೇ ಅಲ್ವಾ.

ಮೊದ್ಲು ಮಿಕ್ಸ್ ವಿಷಯ. ಬಿಸ್ಕ್ವಿಕ್ ಹುಟ್ಟಿದ್ದೇ ರೈಲಿನಲ್ಲಿ ಅನ್ಬಹುದು. 1930ರಲ್ಲಿ ಜನರಲ್ ಮಿಲ್ಸ್ ಕಂಪನಿಯ ಕಾರ್ಲ್ ಸ್ಮಿತ್ ಅನ್ನೋರು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗೋ ರೈಲಲ್ಲಿ ಹೊತ್ತು ಮೀರಿದ ಮೇಲೆ ಊಟಕ್ಕೆ ಕೂತಿದ್ರು, ಆದ್ರೂ ಬಿಸಿಬಿಸಿ ಬಿಸ್ಕಿಟ್ ಬಂತು, ಇಷ್ಟು ಬೇಗ ಹೆಂಗೆ ಅಂತ ವಿಚಾರಿಸಿದ್ರೆ ಅಡುಗೆಯವನು ಮೈದಾ, ಬೇಕಿಂಗ್ ಪೌಡರ್, ಉಪ್ಪು, ಕೊಬ್ಬು ಎಲ್ಲ ಮೊದಲೇ ಬೆರೆಸಿ ಐಸ್‌ಪೆಟ್ಟಿಗೆಲಿ ಇಟ್ಕೊಂಡಿದ್ದ. ಅದೇ ಐಡಿಯಾ 1931ರಲ್ಲಿ ಡಬ್ಬ ಆಗಿ ಅಂಗಡಿಗೆ ಬಂತು. (ಇಲ್ಲಿ ಬಿಸ್ಕಿಟ್ ಅಂದ್ರೆ ನಮ್ಮ ಚಹಾ ಜೊತೆಯ ಬಿಸ್ಕತ್ತಲ್ಲ, ಮೆತ್ತಗಿನ ಸಣ್ಣ ಬನ್ ಥರದ್ದು.) ಆ ಅಡುಗೆಯವನು ಹಾಕಿದ್ದು ಹಂದಿ ಕೊಬ್ಬು, ಈಗಿನ ಡಬ್ಬದಲ್ಲಿರೋದು ಸಸ್ಯಜನ್ಯ ಎಣ್ಣೆ, ಹಾಗಾಗಿ ಸಸ್ಯಾಹಾರಿಗಳು ಹೆದರ್ಬೇಕಾಗಿಲ್ಲ. ಆದ್ರೆ ಬೇರೆ ಬ್ರಾಂಡ್ ತಗೊಂಡ್ರೆ ಹಿಂದಿನ ಲೇಬಲ್ ಓದ್ಲೇಬೇಕು. "ನೀರು ಮಾತ್ರ ಹಾಕಿ" ಅಂತ ಬರೆದಿರೋ ಪ್ಯಾನ್‌ಕೇಕ್ ಮಿಕ್ಸ್‌ಗಳಲ್ಲಿ ಹಾಲಿನಪುಡಿ ಜೊತೆ ಮೊಟ್ಟೆಪುಡಿನೂ ಇರೋದುಂಟು, ಡಬ್ಬ ನೋಡೋಕೆ ಒಂದೇ ಥರ ಇರತ್ತೆ, ಮೋಸಹೋಗ್ತೀರಿ. ತೆಗೆದು ಬಹಳ ದಿನ ಆದ ಡಬ್ಬ ಆದ್ರೆ ಒಂದ್ಸಲ ಮೂಸಿ ನೋಡಿ, ಎಣ್ಣೆ ಇರೋದ್ರಿಂದ ಹಳೇ ಕೊಬ್ಬರಿ ಥರ ಕಮಟು ವಾಸನೆ ಬಂದ್ರೆ ಬಿಸಾಕಿ.

ಹಣ್ಣು ಯಾವ್ದು? ಇಲ್ಲೇ ಅರ್ಧ ರುಚಿ ನಿಂತಿದೆ. ಬೆಂದ್ಮೇಲೂ ಆಕಾರ ಉಳಿಸ್ಕೊಳ್ಳೋ, ಸ್ವಲ್ಪ ಹುಳಿ ಇರೋ ಹಣ್ಣು ಬೇಕು. ಹಸಿರು ಗ್ರಾನಿ ಸ್ಮಿತ್ ಎಲ್ಲಾ ಕಡೆ ಸಿಗತ್ತೆ, ಕಣ್ಮುಚ್ಚಿ ತಗೋಬಹುದು. ಹನಿಕ್ರಿಸ್ಪ್ ಚೆನ್ನಾಗಿರತ್ತೆ ಆದ್ರೆ ಬೆಲೆ ಜಾಸ್ತಿ, ಅದನ್ನ ಹಾಗೇ ಕಚ್ಚಿ ತಿನ್ನೋದೇ ಮೇಲು. ಮಿಷಿಗನ್ ಕಡೆ ಇದ್ರೆ ಅಕ್ಟೋಬರ್ ಕೊನೆಗೆ ನಾರ್ದರ್ನ್ ಸ್ಪೈ ಅಂತ ಒಂದು ಹಳೇ ತಳಿ ಸಿಗತ್ತೆ, ಬೇಕಿಂಗ್‌ಗೆ ಅದರಷ್ಟು ಒಳ್ಳೇದು ನಾನಂತೂ ಕಂಡಿಲ್ಲ. ರೆಡ್ ಡೆಲಿಷಿಯಸ್, ಮ್ಯಾಕಿಂಟಾಷ್ ಎರಡೂ ಬೆಂದು ಮುದ್ದೆ ಆಗ್ಬಿಡತ್ತೆ, ಸಾಸ್ ಬೇಕಾದ್ರೆ ಅದು, ಕಾಬ್ಲರ್‌ಗೆ ಬೇಡ. ನಾನು ಎರಡು ಹುಳಿ ಹಣ್ಣು, ಎರಡು ಸಿಹಿ ಹಣ್ಣು, ಉದಾಹರಣೆಗೆ ಗಾಲಾ, ಹೀಗೆ ಬೆರೆಸ್ತೀನಿ.

8 ಇಂಚಿನ ಚೌಕ ಪಾತ್ರೆಗೆ, ಆರು ಜನಕ್ಕೆ ಆಗೋಷ್ಟಕ್ಕೆ ಬೇಕಾಗೋದು ಇಷ್ಟು: ಮಧ್ಯಮ ಗಾತ್ರದ ಆಪಲ್ 4, ಬಿಸ್ಕ್ವಿಕ್ 1 ಕಪ್, ಹಾಲು 1 ಕಪ್, ಸಕ್ಕರೆ ಮುಕ್ಕಾಲು ಕಪ್, ಉಪ್ಪಿಲ್ಲದ ಬೆಣ್ಣೆ 7 ಟೇಬಲ್ ಸ್ಪೂನ್ (ಇಲ್ಲಿನ ಒಂದು ಸ್ಟಿಕ್‌ನಲ್ಲಿ 8 ಸ್ಪೂನ್ ಇರತ್ತೆ, ಮಿಕ್ಕಿದ ಒಂದು ದೋಸೆಗಾಯ್ತು), ಚಕ್ಕೆ ಪುಡಿ 1 ಟೀ ಸ್ಪೂನ್, ಜಾಯಿಕಾಯಿ ತುರಿದಿದ್ದು ಒಂದು ಚಿಟಿಕೆ, ನಿಂಬೆರಸ 1 ಟೇಬಲ್ ಸ್ಪೂನ್. ಕಪ್ ಅಂದ್ರೆ 240 ಎಂಎಲ್ ಅಳತೆಯದು, ಕಾಫಿ ಕಪ್ ಅಲ್ಲ. ಬೆಣ್ಣೆ ಉಪ್ಪಿಲ್ಲದ್ದೇ ಯಾಕೆ ಅಂದ್ರೆ ಮಿಕ್ಸ್‌ನಲ್ಲೇ ಉಪ್ಪಿದೆ, ಎರಡೂ ಸೇರಿದ್ರೆ ಗೊತ್ತಾಗತ್ತೆ ಬಾಯಿಗೆ.

ಏಲಕ್ಕಿ ಹಾಕ್ಬಹುದಾ ಅಂತ ತುಂಬಾ ಜನ ಕೇಳ್ತಾರೆ. ಹಾಕ್ಬಹುದು, ಆದ್ರೆ ನನಗೆ ಸರಿಬರಲ್ಲ, ಏಲಕ್ಕಿ ಬಿದ್ದ ತಕ್ಷಣ ಅದು ಪಾಯಸದ ಘಮ ಆಗ್ಬಿಡತ್ತೆ, ಆಪಲ್ ಎಲ್ಲೋ ಹಿಂದೆ ಉಳಿಯತ್ತೆ. ಚಕ್ಕೆನೂ ಆಪಲ್ಲೂ ಮಾತ್ರ ಜೋಡಿ.

ಓವನ್ 375 ಡಿಗ್ರಿ ಫ್ಯಾರನ್‌ಹೀಟ್‌ಗೆ ಬಿಸಿಗಿಡಿ, ಸೆಲ್ಸಿಯಸ್ ಆದ್ರೆ 190. ಆಪಲ್ ಸಿಪ್ಪೆ ತೆಗೆದು ನಡುವಿನ ಬೀಜದ ಭಾಗ ತೆಗೆದು ಕಾಲಿಂಚು ದಪ್ಪಕ್ಕೆ ಹೋಳು ಮಾಡ್ಕೊಳ್ಳಿ, ತುಂಬಾ ತೆಳ್ಳಗೆ ಬೇಡ. ಹೆಚ್ಚಿದ ಹಾಗೆಲ್ಲ ನಿಂಬೆರಸದಲ್ಲಿ ಹೊರಳಿಸಿದ್ರೆ ಕಪ್ಪಾಗಲ್ಲ. ಈಗ ಒಂದು ಬಾಣಲೆಲಿ ಒಂದು ಸ್ಪೂನ್ ಬೆಣ್ಣೆ ಹಾಕಿ ಹೋಳು, ಕಾಲು ಕಪ್ ಸಕ್ಕರೆ, ಚಕ್ಕೆ ಪುಡಿ, ಜಾಯಿಕಾಯಿ ಹಾಕಿ ಮಧ್ಯಮ ಉರಿಲಿ 5-6 ನಿಮಿಷ ಬಾಡಿಸಿ. ಡಬ್ಬದ ಮೇಲಿನ ಥರದ ಸುಲಭದ ರೆಸಿಪಿಗಳಲ್ಲಿ ಎಷ್ಟೋ ಸಲ ಈ ಹಂತ ಇರಲ್ಲ, ಹಣ್ಣು ಹಾಗೇ ಹಾಕಿ ಅಂತಾರೆ. ಪೀಚ್‌ಗೆ ಅದು ಸರಿ, ಮೆತ್ತಗಿನ ಹಣ್ಣು, ತಾನಾಗೇ ರಸ ಬಿಡತ್ತೆ. ಆಪಲ್ ಗಟ್ಟಿ. ನಾನು ಮೊದಲ ಸಲ ಹಸಿ ಹೋಳೇ ಹಾಕಿದ್ದೆ, ಮೇಲೆಲ್ಲ ಚೆನ್ನಾಗಿ ಕೆಂಪಗಾಗಿತ್ತು, ಬಡಿಸಿದ್ರೆ ಹಣ್ಣು ಕರಕರ ಅಂತಿದೆ, ರಸನೇ ಇಲ್ಲ. ಆವತ್ತಿಂದ ಈ ಐದು ನಿಮಿಷ ತಪ್ಪಿಸಿಲ್ಲ. ಹೋಳಿನ ಅಂಚು ಬಗ್ಗೋಷ್ಟು ಮೆತ್ತಗಾಗಿ ಬಾಣಲೆಲಿ ಸ್ವಲ್ಪ ಪಾಕ ನಿಂತ್ರೆ ಸಾಕು, ಪೂರ್ತಿ ಬೇಯಿಸ್ಬೇಡಿ. ಇಳಿಸಿ ಪಕ್ಕಕ್ಕಿಡಿ.

ಮಿಕ್ಕ 6 ಸ್ಪೂನ್ ಬೆಣ್ಣೆ ಕರಗಿಸಿ ಬೇಕಿಂಗ್ ಪಾತ್ರೆಗೆ ಹಾಕಿ. ಬೆಣ್ಣೆನ ಪಾತ್ರೆ ಸಮೇತ ಓವನ್ನಲ್ಲಿಟ್ಟು ಕರಗಿಸೋ ಪದ್ಧತಿ ಇದೆ, ಗಾಜಿನ ಪಾತ್ರೆ ಆದ್ರೆ ದಯವಿಟ್ಟು ಹಾಗೆ ಮಾಡ್ಬೇಡಿ, ಕಾದ ಗಾಜಿಗೆ ಫ್ರಿಜ್ಜಿನ ಹಾಲಲ್ಲಿ ಕಲಸಿದ ಹಿಟ್ಟು ಬಿದ್ರೆ ಪಾತ್ರೆ ಸೀಳಿ ಹೋಗೋ ಚಾನ್ಸ್ ಇದೆ. ಮೈಕ್ರೋವೇವಲ್ಲೋ ಒಲೆ ಮೇಲೋ ಕರಗಿಸಿ ಸುರಿದ್ರಾಯ್ತು.

ಇನ್ನು ಹಿಟ್ಟು. ಬಿಸ್ಕ್ವಿಕ್, ಉಳಿದ ಅರ್ಧ ಕಪ್ ಸಕ್ಕರೆ, ಹಾಲು, ಮೂರನ್ನೂ ಬೌಲಲ್ಲಿ ಹಾಕಿ ಫೋರ್ಕಲ್ಲಿ ಕಲಕಿ. ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಮಾಮೂಲಿ ದೋಸೆ ಹಿಟ್ಟಿಗಿಂತ ಒಂಚೂರು ತೆಳು, ಆ ಹದ. ಅಲ್ಲಲ್ಲಿ ಸಣ್ಣ ಗಂಟು ಉಳಿದ್ರೂ ಪರವಾಗಿಲ್ಲ, ಗಂಟು ಒಡೀಬೇಕು ಅಂತ ಜಾಸ್ತಿ ತಿರುಗಿಸ್ತಾ ಹೋದ್ರೆ ಮೈದಾ ಜಿಗಿ ಬಂದು ಬೆಂದ್ಮೇಲೆ ರಬ್ಬರ್ ಥರ ಆಗತ್ತೆ. ಇನ್ನೊಂದು ಮಾತು, ಹಾಲು ಬಿದ್ದ ತಕ್ಷಣ ಮಿಕ್ಸ್‌ನಲ್ಲಿರೋ ಸೋಡಾ ಕೆಲಸ ಶುರು ಮಾಡತ್ತೆ, ಹಾಗಾಗಿ ಹಿಟ್ಟು ಕಲಸಿಟ್ಟು ಫೋನ್ ಮಾತಾಡ್ತಾ ನಿಂತ್ಕೋಬೇಡಿ, ಹಣ್ಣು, ಪಾತ್ರೆ, ಓವನ್ ಎಲ್ಲ ರೆಡಿ ಆದ್ಮೇಲೆ ಕೊನೇಲಿ ಕಲಸಿ.

ಕಲಸಿದ ಹಿಟ್ಟನ್ನ ಬೆಣ್ಣೆ ಮೇಲೆ ಸಮವಾಗಿ ಸುರೀರಿ. ಬೆಣ್ಣೆ ಪಕ್ಕದಿಂದ ಮೇಲೆ ಬಂದು ತೇಲತ್ತೆ, ನೋಡಿದ್ರೆ ಏನೋ ತಪ್ಪಾಯ್ತು ಅನ್ಸತ್ತೆ, ಕೈ ಚಮಚದ ಕಡೆ ಹೋಗತ್ತೆ. ಕಲಕ್ಬೇಡಿ! ಅದರ ಮೇಲೆ ಆಪಲ್ ಹೋಳು ಪಾಕದ ಸಮೇತ ಹರಡಿ, ಆಗ್ಲೂ ಕಲಕ್ಬೇಡಿ. ಈ ಅಡುಗೆಲಿರೋ ಒಂದೇ ಗುಟ್ಟು ಅದು. ಬಿಸಿ ತಾಗಿದ ಮೇಲೆ ಹಿಟ್ಟು ಉಬ್ಬಿ ಹೋಳುಗಳ ಸಂದಿಯಿಂದ ತಾನೇ ಮೇಲೆದ್ದು ಬರತ್ತೆ, ಭಾರದ ಹಣ್ಣು ಕೆಳಗಿಳಿಯತ್ತೆ, ಅಂಚಲ್ಲಿರೋ ಬೆಣ್ಣೆಲಿ ಹಿಟ್ಟು ಹೆಚ್ಚುಕಮ್ಮಿ ಕರಿದ ಹಾಗೆ ಗರಿಗರಿ ಆಗತ್ತೆ. ಕಲಕಿದ್ರೆ ಬೆಣ್ಣೆ ಹಿಟ್ಟೊಳಗೆ ಸೇರ್ಕೊಂಡು ಆ ಗರಿ ಅಂಚು ಹೋಯ್ತು, ಬರೀ ಒದ್ದೆ ಕೇಕ್ ಆಗತ್ತೆ.

ಓವನ್ನಿನ ಮಧ್ಯದ ರ‍್ಯಾಕಲ್ಲಿಡಿ, ಕೆಳಗಿನ ರ‍್ಯಾಕಲ್ಲಿ ಒಂದು ಟ್ರೇ ಇಟ್ಟಿರಿ, ಪಾಕ ಉಕ್ಕಿ ಓವನ್ ತಳಕ್ಕೆ ಬಿದ್ರೆ ಉಜ್ಜೋದು ಕಷ್ಟ. 45ರಿಂದ 50 ನಿಮಿಷ ಬೇಕು. 30 ನಿಮಿಷಕ್ಕೇ ಮೇಲ್ಭಾಗ ಬಣ್ಣ ಬರೋಕೆ ಶುರುವಾಗತ್ತೆ, ಆಯ್ತು ಅಂತ ತೆಗೀಬೇಡಿ, ನಡುವೆ ಇನ್ನೂ ಹಸಿ ಇರತ್ತೆ. ಅಂಚಲ್ಲಿ ಪಾಕ ಕೊತಕೊತ ಕುದೀತಿರ್ಬೇಕು, ಮೇಲೆ ಚೆನ್ನಾಗಿ ಹುರಿದ ರವೆ ಬಣ್ಣ ದಾಟಿ ಹೊಂಬಣ್ಣ ಬಂದಿರ್ಬೇಕು, ನಟ್ಟನಡುವೆ ಹಿಟ್ಟಿರೋ ಜಾಗಕ್ಕೆ ಟೂತ್‌ಪಿಕ್ ಚುಚ್ಚಿದ್ರೆ ಹಸಿ ಹಿಟ್ಟು ಅಂಟ್ಕೋಬಾರ್ದು. ಅಷ್ಟರೊಳಗೆ ಮೇಲ್ಗಡೆ ತುಂಬಾ ಕೆಂಪಾದ್ರೆ ಫಾಯಿಲ್ ಸಡಿಲವಾಗಿ ಮುಚ್ಚಿ. ತೆಗೆದ್ಮೇಲೆ 20 ನಿಮಿಷ ಬಿಡಿ, ಪಾಕ ಸ್ವಲ್ಪ ಗಟ್ಟಿಯಾಗ್ಲಿ, ಆಗ ತಾನೇ ತೆಗೆದಿದ್ದು ನಾಲಗೆ ಸುಡೋದು ಬಿಟ್ರೆ ರುಚಿ ಗೊತ್ತಾಗಲ್ಲ. ಆಮೇಲೆ ವೆನಿಲಾ ಐಸ್‌ಕ್ರೀಮ್ ಜೊತೆ ಕೊಡಿ. ನಮ್ಮತ್ತೆ ಐಸ್‌ಕ್ರೀಮ್ ಬೇಡ ಅಂತ ಬಿಸಿ ಹಾಲು ಹಾಕ್ಕೊಂಡು ತಿಂದ್ರು, ಅದೂ ಬಹಳ ಚೆನ್ನಾಗಿತ್ತು.

ಸಕ್ಕರೆ ಇನ್ನೂ ಕಮ್ಮಿ ಮಾಡ್ಬೇಕು ಅನ್ನೋರು ಹಣ್ಣಿಗೆ ಹಾಕೋ ಕಾಲು ಕಪ್‌ನಲ್ಲಿ ಕಮ್ಮಿ ಮಾಡಿ, ಹಿಟ್ಟಿನದು ಮುಟ್ಬೇಡಿ, ಹಿಟ್ಟಲ್ಲಿ ಸಕ್ಕರೆ ಇಳಿಸಿದ್ರೆ ಬಣ್ಣ ಬರಲ್ಲ, ಬ್ರೆಡ್ ಥರ ಬಿಳಿಚ್ಕೊಂಡಿರತ್ತೆ.

ಇನ್ನೊಂದು ಥರದ ಕಾಬ್ಲರ್‌ನಲ್ಲಿ ಹಣ್ಣು ಕೆಳಗೆ, ಗಟ್ಟಿ ಹಿಟ್ಟು ಮೇಲೆ. ಅದಕ್ಕೆ 1 ಕಪ್ ಮಿಕ್ಸ್‌ಗೆ ಕಾಲು ಕಪ್ ಹಾಲು, ಒಂದೊಂದು ಟೇಬಲ್ ಸ್ಪೂನ್ ಸಕ್ಕರೆ, ಕರಗಿದ ಬೆಣ್ಣೆ, ಇಷ್ಟೇ, ಚಮಚದಲ್ಲಿ ತೆಗೆದು ಬಿಡೋಷ್ಟು ಗಟ್ಟಿ, ಪಕೋಡ ಹಿಟ್ಟಿನ ಥರ. ಆಪಲ್ ಬಿಸಿಬಿಸಿ ಇರುವಾಗ್ಲೇ ಮೇಲೆ ಅಲ್ಲಲ್ಲಿ ಬಿಟ್ಟು 400 ಡಿಗ್ರಿ ಫ್ಯಾರನ್‌ಹೀಟಲ್ಲಿ ಸುಮಾರು 20 ನಿಮಿಷ. ಹಣ್ಣು ತಣ್ಣಗಿದ್ರೆ ಹಿಟ್ಟಿನ ತಳ ಹಸಿ ಉಳಿಯತ್ತೆ, ಅದೊಂದು ನೋಡ್ಕೊಳ್ಳಿ. ಬೆಣ್ಣೆ ಕಮ್ಮಿ, ಬೇಗನೂ ಆಗತ್ತೆ, ಆದ್ರೂ ನನ್ನ ಮನಸ್ಸು ಮೊದಲನೇದರ ಗರಿ ಅಂಚಿನ ಮೇಲೇ.

ಬೆಂಗಳೂರಲ್ಲಿರೋ ನನ್ನ ತಂಗಿಗೆ ಬಿಸ್ಕ್ವಿಕ್ ಸುಲಭಕ್ಕೆ ಸಿಗಲ್ಲ, ಅವಳು ಮನೇಲೇ ಮಾಡ್ಕೋತಾಳೆ: ಮೈದಾ 1 ಕಪ್, ಬೇಕಿಂಗ್ ಪೌಡರ್ ಒಂದೂವರೆ ಟೀ ಸ್ಪೂನ್, ಉಪ್ಪು ಕಾಲು ಟೀ ಸ್ಪೂನ್, ಫ್ರಿಜ್ಜಿನ ಗಟ್ಟಿ ಬೆಣ್ಣೆ 1 ಟೇಬಲ್ ಸ್ಪೂನ್, ಬೆರಳ ತುದಿಲಿ ಉಜ್ಜಿ ಚಿರೋಟಿ ರವೆ ಥರ ಆಗೋವರೆಗೂ ಬೆರೆಸೋದು. ಅದು 1 ಕಪ್ ಮಿಕ್ಸ್‌ಗೆ ಸಮ. ಅಲ್ಲಿ ಸಿಗೋ ಕೆಂಪು ಸಿಹಿ ಆಪಲ್ ಬೇಗ ಮೆತ್ತಗಾಗತ್ತೆ, ಅದಕ್ಕೆ ಹೋಳು ದಪ್ಪ ಮಾಡಿ, ಬಾಡಿಸೋದು ಎರಡೇ ನಿಮಿಷ, ನಿಂಬೆರಸ ಎರಡು ಸ್ಪೂನ್. ಓಟಿಜಿ (ಮೇಜಿನ ಮೇಲಿಡೋ ಸಣ್ಣ ಕರೆಂಟ್ ಓವನ್) ಆದ್ರೆ ಮೇಲೆ ಕೆಳಗೆ ಎರಡೂ ರಾಡ್ ಆನ್ ಇರ್ಲಿ, 190 ಡಿಗ್ರಿ. ಕನ್ವೆಕ್ಷನ್ ಮೋಡ್ ಆದ್ರೆ 180 ಸಾಕು, 40 ನಿಮಿಷಕ್ಕೆ ಒಂದ್ಸಲ ನೋಡಿ.

ಉಳಿದ್ರೆ ಮುಚ್ಚಿ ಫ್ರಿಜ್ಜಲ್ಲಿಡಿ, ಮೂರು ದಿನ ಚೆನ್ನಾಗಿರತ್ತೆ. ಬಿಸಿ ಮಾಡೋಕೆ ಮೈಕ್ರೋವೇವ್ ಬೇಡ, ಅಂಚೆಲ್ಲ ಮೆತ್ತಗಾಗಿಬಿಡತ್ತೆ, ಏರ್ ಫ್ರೈಯರ್ ಅಥವಾ ಸಣ್ಣ ಓವನ್ನಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್‌ಗೆ 6-7 ನಿಮಿಷ ಇಟ್ರೆ ಮತ್ತೆ ಗರಿ ಬರತ್ತೆ. ನಮ್ಮನೇಲಿ ಅದು ಮಾರನೇ ದಿನ ಬೆಳಿಗ್ಗೆ ಫಿಲ್ಟರ್ ಕಾಫಿ ಜೊತೆ ಖಾಲಿ ಆಗತ್ತೆ, ಮಕ್ಕಳು ಏಳೋಕೆ ಮುಂಚೆ ಮೂಲೆಯ ಎರಡು ತುಂಡು ಅತ್ತೆಗೆ ಅಂತ ಎತ್ತಿಟ್ಟಿರ್ತೀನಿ.