ಬ್ಯಾಂಕು ಮುಚ್ಚಿದ ಊರು ಮರದ ನೋಟು ಮಾಡಿಕೊಂಡದ್ದು ಹೇಗೆ?

ಅಂಗಡಿಯವರು ಎರಡು ರೂಪಾಯಿ ಚಿಲ್ಲರೆ ಬದಲು ಚಾಕೊಲೇಟ್ ಕೊಡುತ್ತಾರೆ. ನಾವು ಗೊಣಗುತ್ತಲೇ ಜೇಬಿಗೆ ಹಾಕಿಕೊಳ್ಳುತ್ತೇವೆ, ಅಲ್ವಾ? ಮರುದಿನ ಅದೇ ಚಾಕೊಲೇಟನ್ನು ಅದೇ ಅಂಗಡಿಗೆ ಒಯ್ದು, 'ಇದನ್ನು ಇಟ್ಕೊಂಡು ಒಂದು ಬೆಂಕಿಪೊಟ್ಟಣ ಕೊಡಿ' ಎಂದು ಕೇಳಿ ನೋಡಿ. ಕೊಡುವುದಿಲ್ಲ. ಚಾಕೊಲೇಟಿಗೂ ದುಡ್ಡಿಗೂ ಇರುವ ವ್ಯತ್ಯಾಸ ಅಲ್ಲೇ ಇದೆ. ಕೊಟ್ಟವರು ವಾಪಸ್ ತೆಗೆದುಕೊಳ್ಳುತ್ತಾರೆ ಅನ್ನುವ ಧೈರ್ಯ ಇದ್ದರೆ ಕಾಗದದ ಚೂರೂ ದುಡ್ಡಾಗುತ್ತದೆ. ಮರದ ಚೂರೂ ಆಗುತ್ತದೆ. ಅಮೆರಿಕದ ಒಂದು ಪುಟ್ಟ ಊರಿನಲ್ಲಿ ನಿಜವಾಗಿಯೂ ಹಾಗೇ ಆಯಿತು.

ಊರಿನ ಹೆಸರು ಟೆನೈನೋ. ಅಮೆರಿಕದ ಪಶ್ಚಿಮ ತುದಿಯ ವಾಷಿಂಗ್ಟನ್ ರಾಜ್ಯದಲ್ಲಿದೆ (ರಾಜಧಾನಿ ವಾಷಿಂಗ್ಟನ್ ಅಲ್ಲ, ಅದು ದೇಶದ ಇನ್ನೊಂದು ತುದಿ). ಕಲ್ಲುಗಣಿಗೆ ಹೆಸರಾದ ಊರು, ಸುತ್ತಲೂ ಕಾಡು. 1931ರ ಡಿಸೆಂಬರ್ 5ರಂದು ಅಲ್ಲಿನ 'ಸಿಟಿಜನ್ಸ್ ಬ್ಯಾಂಕ್ ಆಫ್ ಟೆನೈನೋ' ಬಾಗಿಲು ಹಾಕಿತು. ಆ ವರ್ಷ ಅಮೆರಿಕದಲ್ಲಿ 2,000ಕ್ಕೂ ಹೆಚ್ಚು ಬ್ಯಾಂಕುಗಳು ಮುಳುಗಿದ್ದವು. ಹಾಗಾಗಿ ದೊಡ್ಡ ಪತ್ರಿಕೆಗಳಿಗೆ ಇದೇನೂ ಸುದ್ದಿಯಲ್ಲ. ಊರಿನವರಿಗೆ ಮಾತ್ರ ಆಕಾಶವೇ ಕಳಚಿ ಬಿದ್ದಂತೆ. ಠೇವಣಿಗೆ ವಿಮೆ ಅನ್ನುವುದು ಅಲ್ಲಿ ಶುರುವಾಗಿದ್ದು 1934ರ ಜನವರಿ 1ರಂದು. ಆಗಲೂ ಮಿತಿ 2,500 ಡಾಲರ್. 1931ರಲ್ಲಿ ಅದೂ ಇರಲಿಲ್ಲ.

ಇಂಥ ಹೊತ್ತಲ್ಲಿ ಒಂದು ಊರು ತನ್ನದೇ ತುರ್ತು ಹಣ ಮಾಡಿಕೊಳ್ಳುವುದು ಹೇಗೆ? ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಮೊದಲೇ ಒಂದು ಮಾತು: ನಮ್ಮಲ್ಲಿ ಇದನ್ನು ಪ್ರಯೋಗ ಮಾಡಿ ನೋಡುವ ಹಾಗಿಲ್ಲ. 'ಇದನ್ನು ಹಿಡಿದು ತಂದವರಿಗೆ, ಕೇಳಿದ ಕ್ಷಣ ಹಣ ಕೊಡುತ್ತೇನೆ' ಎಂದು ಬರೆದ ಚೀಟಿ ಹೊರಡಿಸುವುದನ್ನು ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಸೆಕ್ಷನ್ ಬೇರೆಯವರಿಗೆ ನಿಷೇಧಿಸಿದೆ. ದರ್ಶಿನಿಯ ಟೋಕನ್ ಪರವಾಗಿಲ್ಲ. ಅದು ದೋಸೆಗೆ ಕೊಟ್ಟ ದುಡ್ಡಿನ ರಸೀದಿ, ಅದೇ ಕೌಂಟರಿನಲ್ಲಿ ಮುಗಿಯುತ್ತದೆ. ಊರೆಲ್ಲ ಸುತ್ತುವ ಚೀಟಿ ಬೇರೆ ಮಾತು.

ಹೆಜ್ಜೆ 1: ಹಣ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿ

ಬ್ಯಾಂಕು ಮುಳುಗಿತು ಅಂದರೆ ಎಲ್ಲವೂ ಹೋಯಿತು ಎಂದಲ್ಲ. ಬ್ಯಾಂಕು ನಮ್ಮ ಠೇವಣಿಯನ್ನು ಇನ್ಯಾರಿಗೋ ಸಾಲ ಕೊಟ್ಟಿರುತ್ತದೆ. ಆ ಸಾಲದಲ್ಲಿ ಒಂದಿಷ್ಟು ವಾಪಸ್ ಬರುತ್ತದೆ, ಅಡವಿಟ್ಟ ಜಮೀನು ಮಾರಾಟವಾಗುತ್ತದೆ, ಕೊನೆಗೆ ಠೇವಣಿದಾರರಿಗೆ ಪಾಲು ಸಿಗುತ್ತದೆ. ತೊಂದರೆ ಅಂದರೆ ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಅಕ್ಕಿ ಬೇಕಾಗಿರುವುದು ಇವತ್ತು.

ಟೆನೈನೋದಲ್ಲಿ ಅಂಗಡಿ ತುಂಬ ಸಾಮಾನಿತ್ತು. ಕೆಲಸ ಮಾಡುವ ಕೈಗಳಿದ್ದವು. ಪಾಸ್‌ಬುಕ್ಕಿನಲ್ಲಿ ದುಡ್ಡೂ ಇತ್ತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಲು ನೋಟು, ಚಿಲ್ಲರೆ ಮಾತ್ರ ಇರಲಿಲ್ಲ. ಹೊಸ ಸಂಪತ್ತು ಹುಟ್ಟಿಸುವ ಅಗತ್ಯವೇ ಇರಲಿಲ್ಲ, ಸಿಕ್ಕಿಹಾಕಿಕೊಂಡಿದ್ದನ್ನು ಸ್ವಲ್ಪ ಬಿಡಿಸಿಕೊಂಡರೆ ಸಾಕಿತ್ತು. 2016ರ ನವೆಂಬರಿನಲ್ಲಿ ನಮ್ಮ ಕಿರಾಣಿ ಅಂಗಡಿಗಳ ಉದ್ರಿ ಪುಸ್ತಕ ದಪ್ಪ ಆಗಿದ್ದು ನೆನಪಿದೆಯಾ? ದುಡ್ಡಿತ್ತು, ನೋಟಿರಲಿಲ್ಲ. ಸುಮಾರು ಅದೇ ಪರಿಸ್ಥಿತಿ.

ಹೆಜ್ಜೆ 2: ಚೀಟಿಯ ಹಿಂದೆ ಏನಿದೆ ಎಂದು ಬರೆದಿಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಬುದ್ಧಿ ಬೇಕಾಗಿರುವುದು ಇಲ್ಲಿ. ಚೀಟಿ ಅಚ್ಚು ಹಾಕುವುದು ಮಕ್ಕಳಾಟ.

ಟೆನೈನೋದ ವರ್ತಕರ ಸಂಘ ಹೀಗೆ ಮಾಡಿತು. ಮುಚ್ಚಿದ ಬ್ಯಾಂಕಿನಲ್ಲಿ ಠೇವಣಿ ಇದ್ದವರು ತಮ್ಮ ಬಾಕಿಯಲ್ಲಿ ಶೇ 25ರವರೆಗೆ ಸಂಘದ ಹೆಸರಿಗೆ ಬರೆದುಕೊಡಬಹುದು. ಅಷ್ಟೇ ಮೊತ್ತದ ಚೀಟಿಗಳನ್ನು ಸಂಘ ಅವರ ಕೈಗೆ ಕೊಡುತ್ತದೆ. ಖಾತೆಯಲ್ಲಿ 200 ಡಾಲರ್ ಇದ್ದವರಿಗೆ ಹೆಚ್ಚೆಂದರೆ 50 ಡಾಲರ್ ಚೀಟಿ. ಮುಂದೆ ಬ್ಯಾಂಕಿನ ಆಸ್ತಿ ಮಾರಿ ಹಣ ಬಂದಾಗ, ಆ ಪಾಲು ಸಂಘಕ್ಕೆ ಬರುತ್ತದೆ.

ಪೂರ್ತಿ ಯಾಕೆ ಕೊಡಬಾರದು? ಯಾಕೆಂದರೆ ಮುಳುಗಿದ ಬ್ಯಾಂಕಿನಿಂದ ಪೂರ್ತಿ ವಾಪಸ್ ಬರುವುದು ಅಪರೂಪ. ಕಾಲು ಭಾಗ ಬರಬಹುದು ಅನ್ನುವುದಕ್ಕೆ ಆಧಾರ ಇರುತ್ತದೆ, ಪೂರ್ತಿ ಬರುತ್ತದೆ ಅನ್ನುವುದು ಬರೀ ಆಸೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಒಪ್ಪಂದದ ಕಾಗದ ಬರೆಯುವವರು ಎಡವುವ ಜಾಗ. 'ನನ್ನ ಬಾಕಿಯ ಕಾಲು ಭಾಗ ಸಂಘಕ್ಕೆ' ಎಂದು ಬರೆದರೆ ಒಂದು ಅರ್ಥ. 'ನನಗೆ ಬರುವ ಹಣದಲ್ಲಿ ಮೊದಲ 50 ಡಾಲರ್ ಸಂಘಕ್ಕೆ' ಎಂದು ಬರೆದರೆ ಇನ್ನೊಂದು. ಲೆಕ್ಕ ಹಾಕಿ ನೋಡಿ. ಬ್ಯಾಂಕಿನಿಂದ ಅರ್ಧ ಮಾತ್ರ ವಾಪಸ್ ಬಂತು ಅಂತಿಟ್ಟುಕೊಳ್ಳಿ. 200ಕ್ಕೆ ಬರುವುದು 100 ಡಾಲರ್. ಮೊದಲ ಬಗೆಯಲ್ಲಿ ಸಂಘಕ್ಕೆ ಅದರ ಕಾಲು, ಅಂದರೆ 25 ಡಾಲರ್ ಬರುತ್ತದೆ. ಹೊರಗೆ ಓಡಾಡುತ್ತಿರುವುದು 50 ಡಾಲರಿನ ಚೀಟಿ. ಇಪ್ಪತ್ತೈದು ಡಾಲರ್ ಖೋತಾ. ಎರಡನೆಯ ಬಗೆಯಲ್ಲಿ ಸಂಘಕ್ಕೆ ಪೂರ್ತಿ 50 ಬಂದುಬಿಡುತ್ತದೆ, ಉಳಿದ 50 ಠೇವಣಿದಾರರಿಗೆ. ಒಂದೇ ಒಂದು ಸಾಲಿನ ವ್ಯತ್ಯಾಸ. ತುರ್ತು ಹಣ ನಿಲ್ಲುವುದು, ಬೀಳುವುದು ಇಂಥ ಸಾಲುಗಳ ಮೇಲೆ.

ಹೆಜ್ಜೆ 3: ದಿನಸಿ ಅಂಗಡಿಯವರನ್ನು ಮೊದಲು ಒಪ್ಪಿಸಿ

ಚೀಟಿ ಅಚ್ಚಾದ ಮೇಲೆ ಅಂಗಡಿಯವರನ್ನು ಕೇಳುವುದಲ್ಲ, ಅಚ್ಚಾಗುವ ಮೊದಲೇ ಕೇಳಬೇಕು. ಟೆನೈನೋದಲ್ಲಿ ಚೀಟಿ ಹೊರಡಿಸಿದ್ದೇ ವರ್ತಕರ ಸಂಘ. ಹಾಗಾಗಿ ಈ ಹೆಜ್ಜೆ ತಾನಾಗಿಯೇ ಮುಗಿದಿತ್ತು.

ಮೊದಲು ಯಾರನ್ನು ಒಪ್ಪಿಸಬೇಕು? ದಿನಸಿ, ಹಾಲು, ಔಷಧಿ ಅಂಗಡಿಯವರನ್ನು. ಬಟ್ಟೆ ಅಂಗಡಿ ಆಮೇಲೆ ನೋಡಿಕೊಳ್ಳಬಹುದು. ಅಂಗಡಿಯವರದ್ದೂ ಒಂದು ಕಷ್ಟ ಇದೆ. ಗಿರಾಕಿಗಳು ಊರಿನ ಚೀಟಿ ಕೊಡುತ್ತಾರೆ, ಹೊರಗಿನ ಸಗಟು ವ್ಯಾಪಾರಿಗೆ ಆ ಚೀಟಿ ಬೇಡ, ಅಸಲಿ ಡಾಲರೇ ಬೇಕು. ಹೀಗಾಗಿ ಗಲ್ಲಾಪೆಟ್ಟಿಗೆಯಲ್ಲಿ ಚೀಟಿ ತುಂಬಿಕೊಂಡು ಕೂರುತ್ತದೆ. ಇದಕ್ಕೆ ಪರಿಹಾರ, ಆ ಚೀಟಿಯನ್ನು ಖರ್ಚು ಮಾಡಲು ಅಂಗಡಿಯವರಿಗೂ ಊರಲ್ಲೇ ದಾರಿ ಇರಬೇಕು: ಆಳಿನ ಕೂಲಿ, ಮಳಿಗೆ ಬಾಡಿಗೆ, ಊರಿನ ತೆರಿಗೆ.

ತೆರಿಗೆಯ ದಾರಿ ಚೆನ್ನಾಗಿ ಕೆಲಸ ಮಾಡಿದ್ದು ಆಸ್ಟ್ರಿಯಾದ ವರ್ಗಲ್ ಎಂಬ ಪಟ್ಟಣದಲ್ಲಿ. 1932ರ ಜುಲೈ ಕೊನೆಗೆ ಅಲ್ಲಿನ ಮೇಯರ್ ಮಿಖಾಯೆಲ್ ಉಂಟರ್‌ಗುಗನ್‌ಬರ್ಗರ್ 'ಕೆಲಸದ ದೃಢೀಕರಣ ಪತ್ರ' ಎಂಬ ಹೆಸರಿನ ಚೀಟಿ ಹೊರಡಿಸಿದರು. ನೋಟು ಎಂದು ಕರೆದರೆ ದೇಶದ ಕೇಂದ್ರ ಬ್ಯಾಂಕು ಬಿಡುವುದಿಲ್ಲ ಎಂಬ ಜಾಣತನ ಆ ಹೆಸರಿನಲ್ಲೇ ಇತ್ತು. ರಸ್ತೆ, ಸೇತುವೆ ಕೆಲಸಕ್ಕೆ ಕೂಲಿಯಾಗಿ ಅದನ್ನೇ ಕೊಟ್ಟರು, ಪುರಸಭೆಯ ತೆರಿಗೆಗೆ ಅದನ್ನೇ ತೆಗೆದುಕೊಂಡರು. ಇನ್ನೊಂದು ಉಪಾಯವೂ ಇತ್ತು. ತಿಂಗಳಿಗೊಮ್ಮೆ ಚೀಟಿಯ ಮೌಲ್ಯದ ಶೇ 1ರಷ್ಟು ಬೆಲೆಯ ಅಂಚೆಚೀಟಿಯಂಥದ್ದನ್ನು ಅದಕ್ಕೆ ಅಂಟಿಸಬೇಕು, ಇಲ್ಲವಾದರೆ ಚೀಟಿಗೆ ಪೂರ್ತಿ ಬೆಲೆ ಇಲ್ಲ. ಯಾರು ತಾನೇ ಇಟ್ಟುಕೊಂಡು ಕೂರುತ್ತಾರೆ? ಸರಸರ ಕೈ ಬದಲಾಯಿತು. ಜಾಣತನ ಬಹಳ ದಿನ ನಡೆಯಲಿಲ್ಲ, 1933ರ ಸೆಪ್ಟೆಂಬರಿನಲ್ಲಿ ಕೇಂದ್ರ ಬ್ಯಾಂಕು ನಿಲ್ಲಿಸಿತು. ಅಲ್ಲಿ ಬ್ಯಾಂಕು ಮುಳುಗಿದ್ದಲ್ಲ, ಕೆಲಸವೇ ಇಲ್ಲದ್ದು ತೊಂದರೆ. ಮದ್ದು ಮಾತ್ರ ಹೆಚ್ಚು ಕಡಿಮೆ ಒಂದೇ.

ಹೆಜ್ಜೆ 4: ಅಚ್ಚು ಹಾಕಿ

ಈಗ ಎಲ್ಲರಿಗೂ ಇಷ್ಟವಾಗುವ ಭಾಗ. ಟೆನೈನೋದಲ್ಲಿ 'ಥರ್ಸ್ಟನ್ ಕೌಂಟಿ ಇಂಡಿಪೆಂಡೆಂಟ್' ಎಂಬ ವಾರಪತ್ರಿಕೆ ಇತ್ತು. ಅದರ ಪ್ರಕಾಶಕ ಡಾನ್ ಮೇಜರ್. ಊರಲ್ಲಿ ಅಚ್ಚಿನ ಯಂತ್ರ ಇದ್ದವರೇ ಹಣವನ್ನೂ ಅಚ್ಚು ಹಾಕಿದರು. ನಮ್ಮೂರುಗಳ ಹಳೇ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿ ಮದುವೆ ಕರೆಯೋಲೆ ಅಚ್ಚು ಹಾಕುತ್ತಿದ್ದ ಟ್ರೆಡಲ್ ಮಷಿನ್ ನೋಡಿದ್ದೀರಲ್ಲ, ಅಂಥದ್ದೇ ಯಂತ್ರ.

ಮೊದಲು ಬಂದದ್ದು ಕಾಗದದ ಚೀಟಿ. ಆಮೇಲೆ ಮರದ ಯೋಚನೆ ಹೊಳೆಯಿತು. ಆ ಸೀಮೆಯಲ್ಲಿ ಮರ ಬೇಕಾದಷ್ಟು. ಸ್ಪ್ರೂಸ್ ಮತ್ತು ಸೀಡರ್ ಮರವನ್ನು ವೆನೀರ್ ಹಾಗೆ ತೆಳ್ಳಗೆ ಸೀಳಿದ ಹಾಳೆ ಸಿಗುತ್ತಿತ್ತು. ದಪ್ಪ ಒಂದು ಇಂಚಿನ 80ನೇ ಒಂದು ಭಾಗ, ಅಂದರೆ ಸುಮಾರು 0.3 ಮಿಲಿಮೀಟರ್. ಬರೀ ಮರವಾದರೆ ಎಳೆಯ ಉದ್ದಕ್ಕೆ ಪಟ್ ಎಂದು ಸೀಳಿಬಿಡುತ್ತದೆ. ಅದಕ್ಕೇ ಎರಡು ಹಾಳೆಗಳ ನಡುವೆ ಕಾಗದ ಇಟ್ಟು ಅಂಟಿಸಿದ ನೋಟುಗಳೂ ಬಂದವು. 25 ಸೆಂಟ್, 50 ಸೆಂಟ್, 1 ಡಾಲರ್, ಹೀಗೆ ಸಣ್ಣ ಮೊತ್ತಗಳಿಂದಲೇ ಶುರು ಮಾಡಿದರು. ಅದೇ ಸರಿ. ಬ್ರೆಡ್ಡು ಕೊಳ್ಳಲು ಹೋದವರ ಕೈಯಲ್ಲಿ ದೊಡ್ಡ ನೋಟಿದ್ದು ಏನು ಪ್ರಯೋಜನ? ಮತ್ತೆ ಚಿಲ್ಲರೆಯದ್ದೇ ರಗಳೆ.

ಕಳ್ಳನೋಟು ತಡೆಯುವುದು ಹೇಗೆ? ಪುಟ್ಟ ಊರಿನಲ್ಲಿ ಇದು ಅಷ್ಟು ದೊಡ್ಡ ತಲೆನೋವಲ್ಲ. ಸಹಿ ಯಾರದ್ದು ಎಂದು ಎಲ್ಲರಿಗೂ ಗೊತ್ತು, ಕ್ರಮಸಂಖ್ಯೆ ಹಾಕಿ ಪುಸ್ತಕದಲ್ಲಿ ಬರೆದುಕೊಂಡರೆ ಆಯಿತು. ಕ್ಯಾಲಿಫೋರ್ನಿಯಾದ ಪಿಸ್ಮೊ ಬೀಚಿನಲ್ಲಿ ಇನ್ನೂ ಸರಳ ಮಾಡಿದರು. 1933ರ ಮಾರ್ಚಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿದಾಗ, ಅಲ್ಲಿನ ವರ್ತಕರು ಕಡಲತೀರದ ದೊಡ್ಡ ಕಪ್ಪೆಚಿಪ್ಪಿನ ಮೇಲೆ ಮೊತ್ತ ಬರೆದು ಸಹಿ ಹಾಕಿ ಕೊಟ್ಟರು. ನಮ್ಮಲ್ಲೂ ಎರಡನೇ ಮಹಾಯುದ್ಧದ ಕಾಲದಲ್ಲಿ ಚಿಲ್ಲರೆ ನಾಣ್ಯ ಸಿಗದೆ ನವಾನಗರ, ಮೊರ್ವಿಯಂಥ ಸಂಸ್ಥಾನಗಳು ರಟ್ಟಿನ ಕೂಪನ್ ಹೊರಡಿಸಿದ್ದವು. ನಾಣ್ಯ ಸಂಗ್ರಹಿಸುವವರ ಬಳಿ ಈಗಲೂ ಕಾಣಸಿಗುತ್ತವೆ.

ಹೆಜ್ಜೆ 5: ಮುಚ್ಚುವ ದಿನ ಮೊದಲೇ ಹೇಳಿ

ಯಾವಾಗ, ಎಲ್ಲಿ, ಯಾರ ಬಳಿ ಅಸಲಿ ಹಣಕ್ಕೆ ಬದಲಾಯಿಸಿಕೊಳ್ಳಬಹುದು ಎಂದು ಚೀಟಿಯ ಮೇಲೇ ಇರಲಿ. ಗಡುವು ಇಲ್ಲದ ಚೀಟಿ ಸಂಘದ ತಲೆಯ ಮೇಲೆ ಸದಾ ತೂಗುವ ಸಾಲ.

ಟೆನೈನೋದಲ್ಲಿ ಈ ಹೆಜ್ಜೆ ತಲೆಕೆಳಗಾಯಿತು. ನೋಟು ಬದಲಾಯಿಸಿಕೊಳ್ಳಲು ಜನ ಮುಗಿಬೀಳುತ್ತಾರೆ ಎಂದು ಹೆದರಬೇಕಿತ್ತು. ನೋಟು ವಾಪಸ್ ಬರುವುದೇ ಅಪರೂಪವಾಯಿತು! ಮರದ ಹಣದ ಸುದ್ದಿ ದೇಶವೆಲ್ಲ ಹಬ್ಬಿತು. ಸಂಗ್ರಹ ಮಾಡುವವರು ಎಲ್ಲೆಲ್ಲಿಂದಲೋ ಪತ್ರ ಬರೆದು, ಅಸಲಿ ಡಾಲರ್ ಕಳಿಸಿ, ಮರದ ನೋಟು ತರಿಸಿಕೊಂಡರು. ಮತ್ತೆ ಮತ್ತೆ ಅಚ್ಚು ಹಾಕಬೇಕಾಯಿತು. 1933ರ ಹೊತ್ತಿಗೆ ಸಾವಿರಾರು ಡಾಲರ್ ಬೆಲೆಯ ನೋಟು ಹೊರಗೆ ಹೋಗಿತ್ತು, ಬಹುಪಾಲು ಮರಳಲಿಲ್ಲ. ವಾಪಸ್ ಬರದ ಪ್ರತಿ ನೋಟೂ ಊರಿಗೆ ಬಡ್ಡಿಯೂ ಇಲ್ಲದ, ತೀರಿಸುವ ಗೋಜೂ ಇಲ್ಲದ ಸಾಲ. ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಊರು ಮಾತು ಕೊಟ್ಟಿತ್ತು, ಕೊಡಲು ಯಾರೂ ಬರಲಿಲ್ಲ.

ಆದರೆ ಇದನ್ನು ಯೋಜನೆಯ ಜಾಣತನ ಅನ್ನಲು ನನಗೆ ಮನಸ್ಸಿಲ್ಲ. ಅದು ಅದೃಷ್ಟ. ಆ ಕಾಲದಲ್ಲಿ ಅಮೆರಿಕದ ನೂರಾರು ಊರುಗಳು ಕಾಗದದ ಚೀಟಿ ಹೊರಡಿಸಿದವು. ಅವನ್ನು ಯಾರೂ ನೆನಪಿಗೆಂದು ಎತ್ತಿಡಲಿಲ್ಲ, ಒಂದೊಂದನ್ನೂ ಲೆಕ್ಕ ಚುಕ್ತಾ ಮಾಡಬೇಕಾಯಿತು. ಯೋಜನೆ ಹಾಕುವವರು ಆ ಊರುಗಳನ್ನು ನೋಡಿ ಹಾಕಬೇಕು, ಟೆನೈನೋವನ್ನು ನೋಡಿ ಅಲ್ಲ.

ನಮ್ಮ ಬ್ಯಾಂಕು ಮುಚ್ಚಿದರೆ?

ಚೀಟಿ ಅಚ್ಚು ಹಾಕುವಂತಿಲ್ಲ, ಸರಿ. ಮತ್ತೇನು ಗತಿ? ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಳುಗಿದ ಮೇಲೆ ಇಲ್ಲೂ ಠೇವಣಿ ವಿಮೆಯ ಕಾನೂನು ಬಂತು. 1962ರಲ್ಲಿ ಶುರುವಾದಾಗ ಮಿತಿ 1,500 ರೂಪಾಯಿ. 2020ರ ಫೆಬ್ರುವರಿಯಿಂದ 5 ಲಕ್ಷ. ಅಸಲು, ಬಡ್ಡಿ ಎರಡೂ ಸೇರಿ ಈ ಮಿತಿ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಒಬ್ಬರ ಹೆಸರಲ್ಲೇ ಹಣ ಇಟ್ಟರೂ ಎಲ್ಲ ಕೂಡಿಸಿಯೇ ಲೆಕ್ಕ. 'ಎರಡು ಶಾಖೆಯಲ್ಲಿ ಇಟ್ಟಿದ್ದೀನಿ, ಏನೂ ಭಯ ಇಲ್ಲ' ಅನ್ನುವವರು ಇದನ್ನು ಇನ್ನೊಮ್ಮೆ ಓದಿ. 2021ರ ತಿದ್ದುಪಡಿಯ ನಂತರ, ರಿಸರ್ವ್ ಬ್ಯಾಂಕ್ ಹಣ ತೆಗೆಯುವುದಕ್ಕೆ ತಡೆ ಹಾಕಿದರೆ ವಿಮೆಯ ಹಣ 90 ದಿನದೊಳಗೆ ಸಿಗಬೇಕು ಎಂಬುದು ಸಾಮಾನ್ಯ ನಿಯಮ. ಆ ಮೂರು ತಿಂಗಳು ನಡೆಸಲು ಮಾತ್ರ ಇವತ್ತಿಗೂ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೇ ದಿಕ್ಕು.

ಅದೇ ಯಂತ್ರ, ಮತ್ತೆ

ಟೆನೈನೋದ ಕತೆ 1933ಕ್ಕೇ ಮುಗಿಯಲಿಲ್ಲ. 2020ರಲ್ಲಿ ಕೋವಿಡ್ ಬಂದು ಅಂಗಡಿಗಳು ಮುಚ್ಚಿದಾಗ ಊರಿನ ಮೇಯರ್ ವೇಯ್ನ್ ಫೋರ್ನಿಯರ್‌ಗೆ ಹಳೇ ಮರದ ನೋಟು ನೆನಪಾಯಿತು. 1890ರ ಆ ಮುದ್ರಣ ಯಂತ್ರ ಊರಿನ ಮ್ಯೂಸಿಯಮ್ಮಿನಲ್ಲಿ ಇನ್ನೂ ಇತ್ತು. ಶಾಯಿ ಸವರಿ, ಮತ್ತೆ ವೆನೀರ್ ಮೇಲೆ ಅಚ್ಚು ಹಾಕಿದರು. ಒಂದೊಂದು ನೋಟಿನ ಬೆಲೆ 25 ಡಾಲರ್. ಈ ಬಾರಿ ಹಿಂದೆ ನಿಂತದ್ದು ಮುಳುಗಿದ ಬ್ಯಾಂಕಿನ ಬಾಕಿಯಲ್ಲ, ನಗರಸಭೆ ತೆಗೆದಿಟ್ಟ 10,000 ಡಾಲರ್. ಕೋವಿಡ್‌ನಿಂದ ಕಷ್ಟಕ್ಕೆ ಬಿದ್ದ ಬಡ ಕುಟುಂಬದವರು ಅರ್ಜಿ ಹಾಕಿ ತಿಂಗಳಿಗೆ 300 ಡಾಲರಿನವರೆಗೆ ಪಡೆಯಬಹುದಿತ್ತು. ಊರಿನ ಅಂಗಡಿಗಳಲ್ಲಿ ಮಾತ್ರ ನಡೆಯುತ್ತಿತ್ತು. ಸಿಗರೇಟು, ಮದ್ಯ, ಲಾಟರಿಗೆ ನಡೆಯುತ್ತಿರಲಿಲ್ಲ. ಅಂಗಡಿಯವರು ನೋಟುಗಳನ್ನು ನಗರಸಭೆಗೆ ಒಯ್ದರೆ ಅಷ್ಟೇ ಡಾಲರ್ ಕೈಗೆ ಸಿಗುತ್ತಿತ್ತು.

ನೋಟಿನ ಮೇಲೆ ಜಾರ್ಜ್ ವಾಷಿಂಗ್ಟನ್ ಚಿತ್ರ. ಜೊತೆಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ಸಾಲು. ಅದರ ಅರ್ಥ, 'ಎಲ್ಲ ನಮ್ಮ ಹತೋಟಿಯಲ್ಲಿದೆ'.