ಮನೆಮಂದಿಯೆಲ್ಲ ಸೇರಿ ದಾನ ಮಾಡೋದಾದರೆ ಹೀಗೆ ಮಾಡಿ ನೋಡಿ

ಸಂಬಳ ಬಂದ ದಿನವೇ ದಾನಕ್ಕೆ ಅಂತ ಒಂದು ಪಾಲು ಎತ್ತಿಡಿ. ನಮ್ಮನೆಯಲ್ಲಿ ತಿಂಗಳ ಮೊದಲ ಭಾನುವಾರ ತಿಂಡಿ ಆದಮೇಲೆ, ಆ ದುಡ್ಡು ಯಾರಿಗೆ ಅಂತ ಎಲ್ಲರೂ ಕೂತು ಮಾತಾಡುತ್ತೇವೆ. ಅಜ್ಜಿಗೂ ಒಂದೇ ವೋಟು, ಎಂಟು ವರ್ಷದ ಮಗಳಿಗೂ ಒಂದೇ. ಹೋದ ಸಲ ಅವಳು ಪಕ್ಕದ ಸರ್ಕಾರಿ ಶಾಲೆಗೆ ಪುಸ್ತಕ ಕೊಡೋಣ ಅಂದಳು, ಹೋಗಿ ಮೇಷ್ಟ್ರನ್ನು ಕೇಳಿದರೆ ಪುಸ್ತಕ ಬೇಕಾದಷ್ಟಿವೆ, ಇಡೋಕೆ ಕಪಾಟೇ ಇಲ್ಲ ಅಂದರು! ಕೇಳದೆ ಏನೂ ಕೊಡಬೇಡಿ. ಸಂಸ್ಥೆಗೆ ಕೊಡುವುದಾದರೆ ಅದಕ್ಕೆ 80ಜಿ ನೋಂದಣಿ, ಅಂದರೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವಂಥ ನೋಂದಣಿ, ಇದೆಯಾ ನೋಡಿ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ತೆರಿಗೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಂತೂ ಹೇಗೆ ಕೊಟ್ಟರೂ ಸಿಗುವುದಿಲ್ಲ. ರಸೀದಿಗಳನ್ನು ನೋಟ್‌ಬುಕ್ಕಿಗೆ ಅಂಟಿಸುವ ಕೆಲಸ ಮಕ್ಕಳಿಗೇ ಬಿಡಿ.